ವಾಟ್ಸ್‌ಆ್ಯಪ್ ಚಾಟ್ ಕೋರ್ಟಿನಾಗ ಸಾಕ್ಷಿ ಆಗಬೇಕಾದ್ರ ಏನೇನ್ ಬೇಕ್ರಿ?

ಪ್ರಶ್ನೆ (ತಿಕೋಟಾ): ಒಣದ್ರಾಕ್ಷಿ ಉದ್ರಿ ಕೊಟ್ಟ ಬಾಕಿಗೆ ವಿಜಯಪುರ ಸಿವಿಲ್ ಕೋರ್ಟಿನಾಗ ದಾವೆ ಹೂಡೋದೈತ್ರಿ. ಬಿಲ್ ಇಲ್ಲ. ದರ, ತೂಕ, ‘ಮುಂದಿನ ವಾರ ರೊಕ್ಕ ಹಾಕ್ತೀನಿ’ ಅನ್ನೋ ಮಾತು, ಎಲ್ಲಾ ವಾಟ್ಸ್‌ಆ್ಯಪ್‌ನಾಗ ಐತಿ, 2024ರ ಏಪ್ರಿಲ್‌ದು. ಸ್ಕ್ರೀನ್‌ಶಾಟ್ ಪ್ರಿಂಟ್ ಹಚ್ಚಿದ್ರ ನಡೀತದೇನ್ರಿ? ಎಲೆಕ್ಟ್ರಾನಿಕ್ ದಾಖಲೆಗೆ ಹಚ್ಚೋ 65ಬಿ ಸರ್ಟಿಫಿಕೇಟ್ ಯಾರು ಕೊಡಬೇಕು?

ಉತ್ತರ 1: ಬರೇ ಪ್ರಿಂಟ್ ನಡೆಯಂಗಿಲ್ರಿ. ಈಗ ಹೂಡೋ ದಾವೆಗೆ ಹಳೇ ಸಾಕ್ಷ್ಯ ಕಾಯ್ದೆಯ ಕಲಂ 65ಬಿ ಅಲ್ಲ, ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63. ಚಾಟ್ ಹಳೇದಿದ್ರೂ ಅಷ್ಟೇ. ಹೊಸ ಕಾಯ್ದೆ ಜಾರಿಗೆ ಬಂದ 1-7-2024ಕ್ಕ ಬಾಕಿ ಇದ್ದ ಕೇಸಿಗೆ ಮಾತ್ರ ಹಳೇ ಕಾಯ್ದೆ. ಸರ್ಟಿಫಿಕೇಟಿನ ನಮೂನೆ ಕಾಯ್ದೆಯ ಅನುಸೂಚಿಯೊಳಗೇ ಐತಿ. ಭಾಗ ಎ ನೀವು ತುಂಬೋದು: ಫೋನಿನ ಕಂಪನಿ, ಮಾಡೆಲ್, ಬಣ್ಣ, ಸೀರಿಯಲ್ ನಂಬರ್, ಐಎಂಇಐ, ಫೈಲಿನ ಹ್ಯಾಶ್ (ಫೈಲ್ ಬದಲಾಗಿಲ್ಲ ಅಂತ ತೋರ್ಸೋ, ಬೆರಳಚ್ಚಿನಂಥ ಗುರುತು). ಭಾಗ ಬಿ ತಜ್ಞರದು. ಬರೇ ಭಾಗ ಎ ಹಚ್ಚಿದ್ರ ಎದುರಿನ ವಕೀಲರು ಮೊದಲ ಅದನ್ನೇ ಹಿಡೀತಾರ. ಪಾಟೀ ಸವಾಲಿಗೆ ಬಂದು ನಿಲ್ಲೋ ತಜ್ಞರ ಕಡೆನೇ ಸಹಿ ಮಾಡಸ್ರಿ. ದಾವೆ ಹೂಡಾಕ ಮುದ್ದತು 3 ವರ್ಷ, ಅದನ್ನೂ ಲೆಕ್ಕ ಹಾಕ್ರಿ.

ಉತ್ತರ 2: ಕೆಡೋದು ಹ್ಯಾಶ್‌ನಾಗ. ಚಾಟ್ ಎಕ್ಸ್‌ಪೋರ್ಟ್ ಮಾಡಿ, ಫೈಲನ್ನ ಕೇಬಲ್ ಹಚ್ಚಿ ಕಂಪ್ಯೂಟರಿಗೆ ಇಳಸ್ರಿ. ತೆರೆಯೋಕಿಂತ ಮೊದಲ ವಿಂಡೋಸ್‌ನ ಪವರ್‌ಶೆಲ್‌ನಾಗ (ಆಜ್ಞೆ ಟೈಪ್ ಮಾಡೋ ಕಿಟಕಿ) ‘ಗೆಟ್-ಫೈಲ್‌ಹ್ಯಾಶ್’ (Get-FileHash) ಆಜ್ಞೆ ಕೊಡ್ರಿ. ಶಾ-256 ಅನ್ನೋ ವಿಧಾನದ ಹ್ಯಾಶ್, 64 ಅಕ್ಷರ ಬರ್ತಾವು. ಅವನ್ನ ಕೈಲೆ ಬರೀಬ್ಯಾಡ್ರಿ, ಕಾಪಿ ಮಾಡ್ರಿ. ಆಮ್ಯಾಗ ವರ್ಡ್‌ನಾಗ ತೆರೆದು ಒಂದು ಕಾಗುಣಿತ ತಿದ್ದಿ ಸೇವ್ ಮಾಡಿದ್ರೂ 64 ಅಕ್ಷರ ಪೂರ್ತಿ ಬ್ಯಾರೆ ಆಗ್ತಾವು. ಮಾಲಿನ ಫೋಟೋ ಇದ್ರ ಮತ್ತ ವಾಟ್ಸ್‌ಆ್ಯಪ್‌ನಾಗ ವಕೀಲರಿಗೆ ಕಳಸಬ್ಯಾಡ್ರಿ, ಅದು ಫೋಟೋನ ಕುಗ್ಗಸ್ತದ, ಹ್ಯಾಶ್ ತಾಳೆ ಆಗಂಗಿಲ್ಲ. ಪೆನ್‌ಡ್ರೈವ್‌ನಾಗ ಕೊಡ್ರಿ.

ಇನ್ನೊಂದು: ಎಕ್ಸ್‌ಪೋರ್ಟ್ ಫೈಲಿನಾಗ ನೀವು ಸೇವ್ ಮಾಡಿಟ್ಟ ಹೆಸರು ಬರ್ತದ, ನಂಬರ್ ಅಲ್ಲ. ‘ಶೇಟ್‌ಜಿ’ ಅಂತಿದ್ರ ಯಾವ ಶೇಟ್‌ಜಿ? ಕಾಂಟ್ಯಾಕ್ಟ್ ಪುಟದ ಸ್ಕ್ರೀನ್‌ಶಾಟೂ ತಗೀರಿ. ಆ ನಂಬರ್ ಅವರದೇ ಅಂತ ತೋರ್ಸೋಕ ಅದೇ ನಂಬರಿನಿಂದ ಬಂದ ಫೋನ್‌ಪೇ ಪಾವತಿಯ ದಾಖಲೆ ಇದ್ರ ಭಾಳ ಗಟ್ಟಿ.

ಉತ್ತರ 3: ಫೋನನ್ನೇ ಹಾಜರು ಮಾಡಿ, ಅದರ ಮಾಲಕರೇ ಕಟಕಟೆಯಾಗ ನಿಂತು ಹೇಳಿದ್ರ ಸರ್ಟಿಫಿಕೇಟ್ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಕೇಸಿನಾಗ ಹೇಳೈತಿ. ಆದ್ರ ದಿನಾ ಬಳಸೋ ಫೋನ್ ಕೋರ್ಟಿನಾಗೇ ಉಳಿಯೋ ಸಂಭವ ಐತಿ, ಅದಕ್ಕ ಸರ್ಟಿಫಿಕೇಟೇ ಛಲೋ. ಅದನ್ನ ಮರೆತು ದಾವೆ ಹಾಕಿದ್ರ ಹೆದರಬ್ಯಾಡ್ರಿ: ವಿಚಾರಣೆ ಮುಗಿಯೋದ್ರೊಳಗ ಕೊಡಾಕ ಕೋರ್ಟ್ ಅವಕಾಶ ಕೊಡಬಹುದು. ಕೇಸ್ ಮುಗಿಯೋತನಕ ಆ ಫೋನ್ ಎಕ್ಸ್‌ಚೇಂಜಿಗೆ ಹಾಕಬ್ಯಾಡ್ರಿ, ರೀಸೆಟ್ ಮಾಡಬ್ಯಾಡ್ರಿ. ಡಿಸ್‌ಅಪಿಯರಿಂಗ್ ಮೆಸೇಜ್ (ಮೆಸೇಜ್ ತಾನಾಗೇ ಅಳಿಸಿಹೋಗೋ ಸೆಟ್ಟಿಂಗ್) ಆನ್ ಐತೇನ, ಇವತ್ತೇ ನೋಡ್ರಿ.