ಆರು ತಿಂಗಳಲ್ಲಿ ಅಧಿಕಾರಿ: ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು?

ಪ್ರಶ್ನೆ: ಚಿಂತಾಮಣಿಯ ಉಪನ್ಯಾಸಕಿ
ಕಾಲೇಜಿನ ಎನ್‌ಸಿಸಿ ಮಕ್ಕಳಿಗೆ ಪಾಠವೊಂದನ್ನು ಸಿದ್ಧಪಡಿಸುತ್ತಿದ್ದೇನೆ. 1962ರ ಚೀನಾ ಯುದ್ಧದಲ್ಲಿ ಅಧಿಕಾರಿಗಳ ಕೊರತೆ ಎದ್ದು ಕಂಡಿತು. ತುರ್ತು ಕಮಿಷನ್ (ಕಡಿಮೆ ಅವಧಿಯ ತರಬೇತಿ ಕೊಟ್ಟು ಸೇನಾಧಿಕಾರಿಯಾಗಿ ನೇಮಿಸುವ ಪದ್ಧತಿ) ಜಾರಿಗೆ ಬಂತು, 1963ರಲ್ಲಿ ಮದ್ರಾಸಿನಲ್ಲಿ ಹೊಸ ತರಬೇತಿ ಶಾಲೆ ತೆರೆಯಿತು. ಸುಮಾರು ಆರು ತಿಂಗಳಲ್ಲೇ ಹುಡುಗರು ಸೆಕೆಂಡ್ ಲೆಫ್ಟಿನೆಂಟ್ ಆದರು. 1965ರ ಯುದ್ಧದಲ್ಲಿ ಅವರಲ್ಲಿ ಅನೇಕರು ಜವಾನರನ್ನು ಮುನ್ನಡೆಸಿದರು. ಅಷ್ಟು ಅವಸರದಲ್ಲಿ ಯಾವ ಪಾಠವನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು? ಸೇವೆಯಲ್ಲಿದ್ದವರು ತಿಳಿಸಿ.

ಉತ್ತರ: ಶಿರಾದ ನಿವೃತ್ತ ಸುಬೇದಾರ್
ಮೇಡಂ, ನಾನು ಹಲವು ವರ್ಷ ಸೆಕ್ಷನ್ ಕಮಾಂಡರ್‌ಗಳಿಗೆ (ಸುಮಾರು ಹತ್ತು ಜವಾನರ ತುಕಡಿಯ ನಾಯಕರಿಗೆ) ಕಲಿಸಿದವನು. ಕವಾಯತನ್ನು ಕಡಿಮೆ ಮಾಡಿ, ಮೆಸ್ಸಿನ ಶಿಷ್ಟಾಚಾರವನ್ನು ಆಮೇಲೆ ಕಲಿಯಲಿ. ಹತ್ತು ಜನರ ಎದುರು ನಿಂತು ಆದೇಶ ಕೊಡುವ ಸರದಿಗಳಿಗೆ ಮಾತ್ರ ಕತ್ತರಿ ಹಾಕಬೇಡಿ.

ಆ ಅಭ್ಯಾಸಕ್ಕೆ ನೆಲದ ಮೇಲೆ ಮರಳಿನ ಮಾದರಿ ಮಾಡುತ್ತಿದ್ದೆವು. ನೀಲಿ ದಾರ ಎಂದರೆ ಹಳ್ಳ, ಬೆಂಕಿಪೊಟ್ಟಣ ಎಂದರೆ ಮನೆ. ಒಬ್ಬ ಹುಡುಗ ಮೊದಲ ಸಲ ಕೈಯಲ್ಲಿದ್ದ ಕೋಲನ್ನೇ ನೋಡುತ್ತಾ ಬಾಯಿಪಾಠ ಒಪ್ಪಿಸಿದ. ‘ಎಲ್‌ಎಂಜಿ (ಹಗುರ ಮೆಷಿನ್ ಗನ್) ಎಲ್ಲಿಡಬೇಕು?’ ಎಂದು ಹಿಂದಿನಿಂದ ಒಬ್ಬ ಜವಾನ ಕೇಳಿದ್ದೇ ತಡ, ಹುಡುಗನ ಗಂಟಲು ಒಣಗಿತು. ನಾಲ್ಕನೆಯ ಸರದಿಯಲ್ಲಿ ಕೋಲನ್ನು ಕೆಳಗಿಟ್ಟು, ಅದೇ ಜವಾನನತ್ತ ತಿರುಗಿ, ‘ನಿನ್ನ ಕೆಲಸ ಏನು, ಒಮ್ಮೆ ಹೇಳು’ ಎಂದ. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಇನ್ನೊಂದು ಮಾತು. ಯುದ್ಧ ಬಂದಾಗ ತರಬೇತಿ ಶಾಲೆಯ ಒಳ್ಳೆಯ ಉಸ್ತಾದರನ್ನೆಲ್ಲ ಪಲ್ಟನ್ನಿಗೆ ಎಳೆದುಕೊಳ್ಳುವ ಆಸೆ ಹುಟ್ಟುತ್ತದೆ. ಬಿತ್ತನೆಯ ರಾಗಿಯನ್ನು ಬೀಸಿ ಮುದ್ದೆ ತಿರುವಿದರೆ ಮುಂದಿನ ಮಳೆಗೆ ಏನನ್ನು ಬಿತ್ತುವುದು?

ಉತ್ತರ: ಕೋಲಾರದ ಓದುಗ
ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ಸುಮಾರು ಮೂರು ತಿಂಗಳಲ್ಲಿ ಅಧಿಕಾರಿಗಳನ್ನು ತಯಾರು ಮಾಡಿದರು. ಆದರೆ ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1943ರಲ್ಲಿ, ತರಬೇತಿಯನ್ನು 17 ವಾರಗಳಿಗೆ ಏರಿಸಿದರು. ನನ್ನ ತಂದೆ ಸ್ಯಾಪರ್ (ಸೇನೆಯ ಎಂಜಿನಿಯರಿಂಗ್ ದಳದ ಜವಾನ) ಆಗಿದ್ದರು. ಹೊಸ ಲೆಫ್ಟಿನೆಂಟ್ ಸಾಹೇಬರು ರಾತ್ರಿ ಲಾಟೀನಿನ ಬೆಳಕಿನಲ್ಲಿ ಹವಾಲ್ದಾರರ ಪಕ್ಕ ಕುಳಿತು ಪ್ರತಿ ಜವಾನನ ಹೆಸರು, ಊರು ಬರೆದುಕೊಳ್ಳುತ್ತಿದ್ದರಂತೆ. ಉಳಿದ ತರಬೇತಿ ಅಲ್ಲಿ ನಡೆಯಿತು ಎನ್ನುತ್ತಿದ್ದರು ಅಪ್ಪ.

ಚಿಂತಾಮಣಿಯ ಉಪನ್ಯಾಸಕಿ
ಸುಬೇದಾರ್ ಸಾಹೇಬರೇ, ಭಾನುವಾರ ಮರಳಿನ ಮಾದರಿ ಮಾಡಿಸುತ್ತೇನೆ. ಹಳ್ಳಕ್ಕೆ ದಾರವೇ ಬೇಕೇ, ಸುಣ್ಣದ ಗೆರೆ ಸಾಕೇ?

ಶಿರಾದ ನಿವೃತ್ತ ಸುಬೇದಾರ್
ಸುಣ್ಣ ಸಾಕು ಮೇಡಂ. ಒಬ್ಬೊಬ್ಬರಿಗೂ ನಾಲ್ಕು ಸರದಿ ಸಿಗುವಂತೆ ನೋಡಿಕೊಳ್ಳಿ.