ಗ್ರೇವ್, ಸಾಲಮ್, ಸೋಂಬರ್, ಅರ್ನೆಸ್ಟ್: ಎಲ್ಲಕ್ಕೂ ‘ಗಂಭೀರ’ ಅಂತಲೇ ಬರೆಯಬೇಕಾ?

ಕರಡುಪುಟ:

ಒಂದು ಇಂಗ್ಲಿಷ್ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಸಾವಿನ ಮನೆಯ ಸನ್ನಿವೇಶ. ರಾತ್ರಿ ಡಾಕ್ಟರ್ ಬಂದು ಹೋಗುತ್ತಾರೆ, ಬೆಳಿಗ್ಗೆ ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ಎಲ್ಲರೂ ಮನೆಗೆ ಬಂದು ಕೂರುತ್ತಾರೆ. ಅಷ್ಟೇ. ಆದರೆ ಡಾಕ್ಟರ ಮುಖ ‘ಗ್ರೇವ್’, ಪಾದ್ರಿಯ ದನಿ ‘ಸಾಲಮ್’, ಕೋಣೆ ‘ಸೋಂಬರ್’, ಸತ್ತವನ ತಮ್ಮ ‘ಅರ್ನೆಸ್ಟ್’ ಆಗಿ ಮಾತಾಡುತ್ತಾನೆ, ಹೆಂಡತಿ ‘ಕಂಪೋಸ್ಡ್’, ಮುದುಕಿ ತಾಯಿ ‘ಸೆರೀನ್’, ಕಿಟಕಿಯಾಚೆ ಕೆರೆ ‘ಪ್ಲಾಸಿಡ್’.

ಮೊದಲ ಕರಡನ್ನು ನನ್ನ ಅಕ್ಕನಿಗೆ ಓದಲು ಕೊಟ್ಟೆ. ಒಂದೇ ಪುಟದಲ್ಲಿ ನಾಲ್ಕು ‘ಗಂಭೀರ’, ಮೂರು ‘ಶಾಂತ’. ಎಲ್ಲಕ್ಕೂ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಇಷ್ಟು ಜನಕ್ಕೂ ಒಂದೇ ಮುಖಾನಾ?’ ಅಂತ ಬರೆದು ವಾಪಸ್ ಕೊಟ್ಟಳು. ಅವಳು ಹೇಳಿದ್ದು ಸರಿ. ನಿಘಂಟು ತೆಗೆದರೆ ಅಲ್ಲೂ ಸುತ್ತಿಬಳಸಿ ಅದೇ ಎರಡು ಪದ. ಈ ಇಂಗ್ಲಿಷ್ ಪದಗಳ ನಡುವೆ ನಿಜವಾಗಿ ಏನು ವ್ಯತ್ಯಾಸ ಇದೆ, ಕನ್ನಡದಲ್ಲಿ ಅದನ್ನು ಹೇಗೆ ತರುವುದು, ಗೊತ್ತಿದ್ದವರು ದಯವಿಟ್ಟು ಹೇಳಿ.

ಹಳೇ ಮೇಷ್ಟ್ರು:

ನೋಡಮ್ಮ, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು ನಾನು. ಪ್ರತಿ ವರ್ಷ ಯಾರಾದರೊಬ್ಬರು ಈ ಪ್ರಶ್ನೆ ಕೇಳುತ್ತಿದ್ದರು. ಪದ ಎಲ್ಲಿಂದ ಬಂತು ಅಂತ ನೋಡಿದರೆ ಅರ್ಧ ದಾರಿ ಸಿಗುತ್ತದೆ.

‘ಗ್ರೇವ್’ ಬಂದದ್ದು ಲ್ಯಾಟಿನ್ನಿನ ‘ಗ್ರಾವಿಸ್’ನಿಂದ. ಅಂದರೆ ಭಾರ. ನಮ್ಮ ‘ಗುರು’ ಪದಕ್ಕೂ ಅದಕ್ಕೂ ಮೂಲ ಒಂದೇ, ಗುರು ಅಂದರೂ ಮೊದಲ ಅರ್ಥ ಭಾರವಾದದ್ದು ಅಂತಲೇ, ಅದಕ್ಕೇ ಗ್ರ್ಯಾವಿಟಿಗೆ ಗುರುತ್ವ ಅಂತ ಹೆಸರಿಟ್ಟದ್ದು ಅಷ್ಟು ಚೆನ್ನಾಗಿ ಹೊಂದಿಕೊಂಡಿತು. ಗೋರಿ ಅನ್ನುವ ಅರ್ಥದ ‘ಗ್ರೇವ್’ ಬೇರೆ ಪದ, ಅದು ಅಗೆಯುವುದು ಅನ್ನುವುದರಿಂದ ಬಂದದ್ದು. ನಮ್ಮ ‘ಗಂಭೀರ’ದ ಮೂಲ ಅರ್ಥ ಭಾರ ಅಲ್ಲ, ಆಳ. ಅದು ಹೊಗಳಿಕೆ. ‘ಎಂಥ ಗಾಂಭೀರ್ಯ ಅವರದ್ದು’ ಅಂದರೆ ಆಳ ಇರುವ ಮನುಷ್ಯ, ಸುಮ್ನೆ ವಟಗುಟ್ಟುವವರಲ್ಲ ಅಂತ. ನಿಮ್ಮ ಡಾಕ್ಟರ ಮುಖದಲ್ಲಿ ಇರುವುದು ಆಳ ಅಲ್ಲ, ಕೆಟ್ಟ ಸುದ್ದಿಯ ಭಾರ. ಹಾಗಾಗಿ ‘ಮುಖ ಭಾರವಾಗಿತ್ತು’ ಅಂತಲೇ ಬರೆದರೆ ಏನು ಕೊರತೆ?

‘ಸಾಲಮ್’ ಮನುಷ್ಯನ ಗುಣಕ್ಕಿಂತ ಸಂದರ್ಭದ ಗುಣ. ವಿಧಿ, ವ್ರತ, ಪ್ರತಿಜ್ಞೆ ಇದ್ದ ಕಡೆ ಆ ಪದ ಬರುತ್ತದೆ. ನಮ್ಮ ಸಂವಿಧಾನದ ಪೀಠಿಕೆಯ ಇಂಗ್ಲಿಷಿನಲ್ಲಿ ‘ಸಾಲಮ್ಲಿ ರಿಸಾಲ್ವ್ಡ್’ ಅಂತ ಇದೆ. ಪ್ರಮಾಣವಚನದಲ್ಲಿ ದೇವರ ಹೆಸರು ಬೇಡ ಅನ್ನುವವರು ‘ಸಾಲಮ್ಲಿ ಅಫರ್ಮ್’ ಅನ್ನುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆ ಮದುವೆ ಆಯಿತು ಅನ್ನುವುದಕ್ಕೆ ‘ಸಾಲೆಮ್ನೈಸ್ಡ್’ ಅನ್ನುತ್ತದೆ. ಮದುವೆಮನೆಯಲ್ಲಿ ವಾಲಗ, ಮಕ್ಕಳ ಗಲಾಟೆ, ಊಟದ ಪಂಕ್ತಿಗೆ ನೂಕುನುಗ್ಗಲು, ಯಾರ ಮುಖದಲ್ಲೂ ಗಂಭೀರ ಇರಲ್ಲ. ಆದರೂ ಮದುವೆ ‘ಸಾಲಮ್’ ಆಗಿಯೇ ನಡೆಯುತ್ತದೆ, ಯಾಕೆಂದರೆ ಶಾಸ್ತ್ರ ಶಾಸ್ತ್ರದ ಹಾಗೆ ಆಯಿತು. ಪಾದ್ರಿಯ ದನಿಗೆ ‘ಭಯಭಕ್ತಿ’ ಅನ್ನುವ ಪದ ನೋಡಿ. ನಮ್ಮ ಅಜ್ಜಿಯರು ದಿನಾ ಆಡುತ್ತಿದ್ದ ಮಾತು, ಅದರಲ್ಲಿ ಎರಡೂ ಇದೆ.

‘ಸೋಂಬರ್’ ಅಂದರೆ ನೆರಳು ಕವಿದದ್ದು. ಮಂಕು, ಮಬ್ಬು ಸಾಕು.

ವಾರ್ಡಿನ ಅಕ್ಕ:

ನಾನು ನರ್ಸ್. ಮೇಷ್ಟ್ರು ಹೇಳಿದ್ದಕ್ಕೆ ಆಸ್ಪತ್ರೆಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ನಮ್ಮ ಕಡೆ ‘ಸೀರಿಯಸ್’ ಅನ್ನುವ ಪದ ಇಂಗ್ಲಿಷಿನಲ್ಲಿ ಇಲ್ಲದ ಹಾಗೆ ಬೆಳೆದಿದೆ. ‘ಅಜ್ಜ ಸೀರಿಯಸ್’ ಅಂದರೆ ಅಜ್ಜ ನಗುವುದಿಲ್ಲ ಅಂತ ಯಾರೂ ತಿಳಿಯಲ್ಲ, ಬಸ್ ಹತ್ತುತ್ತಾರೆ. ಟೆಲಿಗ್ರಾಂ 2013ರ ಜುಲೈನಲ್ಲಿ ನಿಂತೇ ಹೋಯಿತು, ಆದರೆ ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ’ ಅನ್ನುವ ತಂತಿಯ ನೆನಪು ಎಷ್ಟು ಮನೆಗಳಲ್ಲಿ ಇನ್ನೂ ಇದೆ. ಇನ್ನು ಗಾಯದ ಸರ್ಟಿಫಿಕೇಟಿನಲ್ಲಿ ‘ಸಿಂಪಲ್’ ಅಥವಾ ‘ಗ್ರೀವಸ್’ ಅಂತ ಬರೆಯುತ್ತಾರೆ. ಅದೂ ಅದೇ ಭಾರದ ಮೂಲದ ಪದ. ಆದರೆ ಅಲ್ಲಿ ಅದು ಭಾವನೆಯ ಮಾತಲ್ಲ, ಕಾನೂನು ಪಟ್ಟಿ ಮಾಡಿ ಹೇಳಿದ್ದು: ಮೂಳೆ ಮುರಿದರೆ, ಹಲ್ಲು ಬಿದ್ದರೆ, ಕಣ್ಣು ಶಾಶ್ವತವಾಗಿ ಹೋದರೆ, ಹೀಗೆ. ಹಳೆಯ ಐಪಿಸಿಯಲ್ಲಿ 20 ದಿನ ತೀವ್ರ ನೋವು ಅಂತ ಇದ್ದದ್ದು ಹೊಸ ನ್ಯಾಯ ಸಂಹಿತೆಯಲ್ಲಿ 15 ದಿನ ಆಗಿದೆ. ‘ಸೆಡೇಟ್’ ಕೂಡ ಹಾಗೇ. ಕಥೆಯಲ್ಲಿ ಅದು ನಿಧಾನ ಸ್ವಭಾವ, ನಮ್ಮ ವಾರ್ಡಿನಲ್ಲಿ ಇಂಜೆಕ್ಷನ್ ಕೊಟ್ಟು ಮಲಗಿಸಿರುವುದು.

ನಾನು ಹೇಳಬೇಕು ಅಂತ ಬಂದದ್ದು ‘ಕಂಪೋಸ್ಡ್’ ಬಗ್ಗೆ. ಒಂದು ರಾತ್ರಿ ಐಸಿಯು ಹೊರಗೆ ಒಬ್ಬರು ಹೆಂಗಸು. ಗಂಡ ಹೋದ ಸುದ್ದಿ ಹೇಳಿ ಐದು ನಿಮಿಷ ಆಗಿತ್ತು. ಅವರು ಬೆಂಚಿನ ಮೇಲೆ ಕೂತು ಗಂಡನ ಶರ್ಟನ್ನು ತೊಡೆಯ ಮೇಲೆ ಹರಡಿ, ಗುಂಡಿ ಹಾಕಿ, ಅಂಗಡಿಯಲ್ಲಿ ಮಡಚುವ ಹಾಗೆ ಮಡಚಿದರು. ಕನ್ನಡಕವನ್ನು ಸೆರಗಿನಿಂದ ಒರೆಸಿ ಡಬ್ಬಿಯಲ್ಲಿಟ್ಟರು. ಉಳಿದ ಮಾತ್ರೆ ವಾಪಸ್ ತಗೋತಾರಾ ಸಿಸ್ಟರ್ ಅಂತ ಕೇಳಿದರು. ದನಿ ನಡುಗಲಿಲ್ಲ. ಅವರನ್ನು ಶಾಂತ ಅಂದರೆ ಸುಳ್ಳಾಗುತ್ತದೆ. ಒಳಗೆ ಏನಾಗುತ್ತಿತ್ತು ಅಂತ ಆ ಗುಂಡಿ ಹಾಕುವ ಬೆರಳು ನೋಡಿದರೆ ಗೊತ್ತಾಗುತ್ತಿತ್ತು. ಎದೆ ಗಟ್ಟಿ ಮಾಡಿಕೊಂಡಿದ್ದರು. ನಿಮ್ಮ ಕಥೆಯ ಹೆಂಡತಿಗೂ ಅದೇ ಬೇಕು ಅಂತ ನನಗನ್ನಿಸುತ್ತದೆ.

ಕಾರವಾರ ಹಡಗು:

ಹಡಗಿನಲ್ಲಿ ಕೆಲಸ ಮಾಡಿದ್ದೇನೆ. ನಿಮ್ಮ ಪಟ್ಟಿಯಲ್ಲಿ ಇಲ್ಲ, ಆದರೂ ‘ಪ್ಲಾಸಿಡ್’ ಜೊತೆ ಹೋಲಿಸಲು ‘ಶಾಂತ’ ಅನ್ನುವ ಅರ್ಥದ ಇಂಗ್ಲಿಷ್ ಪದ ‘ಕಾಮ್’ ಬಗ್ಗೆ ಹೇಳುತ್ತೇನೆ. ನಮಗೆ ಅದು ಅಳತೆ. ಗಾಳಿಯ ಬ್ಯೂಫರ್ಟ್ ಮಾಪಕದಲ್ಲಿ ಸೊನ್ನೆ ಅಂದರೆ ‘ಕಾಮ್’, ಗಾಳಿಯ ವೇಗ ಒಂದು ನಾಟ್‌ಗಿಂತ ಕಡಿಮೆ, ದಡದಲ್ಲಿ ಹೊಗೆ ನೆಟ್ಟಗೆ ಮೇಲೆ ಹೋಗುತ್ತದೆ. ಕಡಲಿನ ಸ್ಥಿತಿಗೆ ಬೇರೆ ಮಾಪಕ. ಅದರಲ್ಲಿ ಎರಡು ‘ಕಾಮ್’ ಇವೆ, ಗಾಜಿನಂತೆ ಇರುವುದು ಒಂದು, ಸಣ್ಣ ಸುಕ್ಕು ಎದ್ದದ್ದು ಇನ್ನೊಂದು. ಮೂರನೆಯದನ್ನು ‘ಸ್ಮೂತ್’ ಅನ್ನುತ್ತಾರೆ, ಅದರಲ್ಲೇ ಅಲೆ ಅರ್ಧ ಮೀಟರ್ ತನಕ ಏಳಬಹುದು.

ಪದದ ಮೂಲ ಇನ್ನೂ ಚೆಂದ. ಗ್ರೀಕಿನಲ್ಲಿ ‘ಕೌಮ’ ಅಂದರೆ ಸುಡುವ ಬಿಸಿಲು. ಮಟಮಟ ಮಧ್ಯಾಹ್ನ ಕೆಲಸ ನಿಲ್ಲಿಸಿ ಎಲ್ಲರೂ ನೆರಳು ಹಿಡಿಯುವ ಹೊತ್ತಿನ ಸದ್ದಿಲ್ಲದಿರುವಿಕೆ ಅದು. ಅಂದರೆ ‘ಕಾಮ್’ನಲ್ಲಿ ಮೊದಲು ಓಡಾಟ ಇತ್ತು, ಈಗ ನಿಂತಿದೆ ಅನ್ನುವ ಭಾವ ಇದೆ. ‘ಪ್ಲಾಸಿಡ್’ನಲ್ಲಿ ಅದಿಲ್ಲ. ಅದು ಕೆಣಕಿದರೂ ಏಳದ ಸ್ವಭಾವ. ನಿಮ್ಮ ಕೆರೆಗೆ ‘ನಿಶ್ಚಲ’ ಅನ್ನಬೇಡಿ, ‘ನಿಂತ ನೀರು’ ಅಂತೂ ಬೇಡವೇ ಬೇಡ, ಪಾಚಿ ನೆನಪಾಗುತ್ತದೆ. ‘ಕೆರೆಯಲ್ಲಿ ಒಂದು ಸುಕ್ಕೂ ಇರಲಿಲ್ಲ’ ಅನ್ನಿ.

ಕರಡುಪುಟ:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ವಾರ್ಡಿನ ಅಕ್ಕ, ನೀವು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಕೆಲಸ ಮಾಡಲು ಆಗಲಿಲ್ಲ.

ಹೀಗೆ ತಿದ್ದಿದ್ದೇನೆ: ‘ಡಾಕ್ಟರ್ ಹೊರಗೆ ಬಂದರು. ಮುಖ ಭಾರವಾಗಿತ್ತು.’ ‘ಪಾದ್ರಿ ಭಯಭಕ್ತಿಯಿಂದ ಓದಿದರು.’ ‘ಅವಳು ಎದೆ ಗಟ್ಟಿ ಮಾಡಿಕೊಂಡು ಎಲ್ಲರಿಗೂ ಟೀ ಕೊಟ್ಟಳು.’ ‘ದೀಪ ಹಚ್ಚಿರಲಿಲ್ಲ, ಕೋಣೆ ಮಂಕಾಗಿತ್ತು.’ ಸೆರೀನ್ ಮತ್ತು ಅರ್ನೆಸ್ಟ್ ಇನ್ನೂ ಬಾಕಿ.

ಹಳೇ ಮೇಷ್ಟ್ರು:

ಚೆನ್ನಾಗಿದೆ. ಅಂದಹಾಗೆ ‘ಕಂಪೋಸ್ಡ್’ ಅಂದರೆ ಒಟ್ಟಿಗೆ ಜೋಡಿಸಿಟ್ಟದ್ದು ಅಂತ. ‘ಸಮಾಧಾನ’ದ ಮೂಲ ಅರ್ಥವೂ ಒಟ್ಟಿಗೆ ಇಡುವುದು. ಆದರೆ ಇವತ್ತು ಸಮಾಧಾನ ಅಂದರೆ ನೆಮ್ಮದಿ ಆಗಿಬಿಟ್ಟಿದೆ, ಹಾಗಾಗಿ ಅಕ್ಕ ಕೊಟ್ಟ ಮಾತೇ ಇರಲಿ.

‘ಸೆರೀನ್’ ಲ್ಯಾಟಿನ್ನಿನಲ್ಲಿ ಮೋಡವಿಲ್ಲದ ಆಕಾಶಕ್ಕೆ ಹೇಳುತ್ತಿದ್ದ ಪದ. ನಮ್ಮಲ್ಲಿ ‘ತಿಳಿ’ ಇದೆಯಲ್ಲ! ಕದಡಿದ ನೀರು ತಿಳಿಯಾಗುತ್ತದೆ, ಮಳೆ ನಿಂತ ಮೇಲೆ ಆಕಾಶ ತಿಳಿಯಾಗುತ್ತದೆ. ಮುದುಕಿ ಅಳುವುದೆಲ್ಲ ಅತ್ತು ಮುಗಿಸಿದವಳಾದರೆ ‘ಮುಖ ತಿಳಿಯಾಗಿತ್ತು’ ಅಂತ ಬರೆಯಿರಿ. ಅಳಲೇ ಇಲ್ಲ ಅಂದರೆ ಆ ಪದ ಕೂರುವುದಿಲ್ಲ, ಕಥೆಯನ್ನು ಇನ್ನೊಮ್ಮೆ ನೋಡಿ.

‘ಅರ್ನೆಸ್ಟ್’ನಲ್ಲಿ ಭಾರವೂ ಇಲ್ಲ, ದುಃಖವೂ ಇಲ್ಲ. ಹೇಳುವ ಮಾತು ಮನಸ್ಸಿನಿಂದ ಬರುತ್ತಿದೆ, ಅಷ್ಟೇ. ಟೆಂಡರಿಗೆ ಮುಂಗಡವಾಗಿ ಇಡುವ ಠೇವಣಿ ‘ಅರ್ನೆಸ್ಟ್ ಮನಿ’ಗೂ ಇದಕ್ಕೂ ನೆಂಟಸ್ತನ ಇಲ್ಲ, ಅದು ಬೇರೆ ಕಡೆಯಿಂದ ಬಂದ ಪದ. ಸತ್ತವನ ತಮ್ಮ ‘ಮನಸ್ಸಿಟ್ಟು ಹೇಳಿದ’ ಅನ್ನಿ.

ಇನ್ನೊಂದು ಸಣ್ಣ ವಿಷಯ. ‘ದೀಪ ಹಚ್ಚಿರಲಿಲ್ಲ’ ಅಂದ ಮೇಲೆ ‘ಕೋಣೆ ಮಂಕಾಗಿತ್ತು’ ಬೇಡ. ತೆಗೆದುಬಿಡಿ.

ಕರಡುಪುಟ:

ತೆಗೆದೆ ಸರ್. ಮುದುಕಿ ಹಿಂದಿನ ರಾತ್ರಿಯೇ ಅತ್ತಿದ್ದಾಳೆ, ಮೂರು ಪುಟ ಹಿಂದೆ ಇದೆ.