ಸ್ಲೂಸ್ ಬಾಕ್ಸ್ ಮಾದರಿಯಲ್ಲಿ ಹಿತ್ತಾಳೆ ಪುಡಿ ನಿಲ್ಲುತ್ತಿಲ್ಲ, ಏನು ಮಾಡಲಿ?

ಕಲಬುರಗಿ ಮೇಷ್ಟ್ರು: ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳ ಜೊತೆ ಹಳೇ ಕಾಲದ ಚಿನ್ನ ತೊಳೆಯುವ ಸ್ಲೂಸ್ ಬಾಕ್ಸ್ ಮಾಡಿದ್ದೇನೆ. 3 ಅಡಿ ಉದ್ದದ ಹಲಗೆ ತೊಟ್ಟಿ, ತಳದಲ್ಲಿ ಅಡ್ಡಪಟ್ಟಿಗಳು. ಚಿನ್ನದ ಬದಲು ಹಿತ್ತಾಳೆ ಪುಡಿ, ಅದಕ್ಕೆ ಭೀಮಾ ನದಿ ಮರಳು, ಹೊಲದ ಎರೆ ಮಣ್ಣು ಬೆರೆಸಿದ್ದೇವೆ. ತೊಟ್ಟಿಯ ಒಂದು ತುದಿ ನೆಟ್ಟಗೆ ನಿಲ್ಲಿಸಿದ ಇಟ್ಟಿಗೆ ಮೇಲಿದೆ. ನೀರು ಬಿಟ್ಟರೆ ಪುಡಿಯೂ ಮಣ್ಣಿನ ಜೊತೆ ಹೋಗಿಬಿಡುತ್ತದೆ. ಪಟ್ಟಿ ಎತ್ತರ ಮಾಡಬೇಕಾ?

ಸುರಪುರದಿಂದ: ಪಟ್ಟಿ ಮುಟ್ಟಬೇಡಿ ಸರ್. ಕಳ್ಳ ಇರುವುದು ಎರೆ ಮಣ್ಣಿನಲ್ಲಿ. ಅದು ಒದ್ದೆಯಾದರೆ ಉಂಡೆ ಕಟ್ಟುತ್ತದೆ. ಉಂಡೆ ಉರುಳುತ್ತಾ ಹೋಗುವಾಗ ಪಟ್ಟಿಯ ಹಿಂದೆ ಕೂತ ಪುಡಿಯನ್ನೂ ಅಂಟಿಸಿಕೊಂಡು ಹೋಗುತ್ತದೆ. ನಿಜವಾದ ಚಿನ್ನಕ್ಕೂ ಇದೇ ಗತಿ. ಅದಕ್ಕೇ ಆಸ್ಟ್ರೇಲಿಯಾದ ಗಣಿಗಾರರು ಜಿಗುಟು ಮಣ್ಣನ್ನು ಮೊದಲು ದೊಡ್ಡ ತೊಟ್ಟಿಯಲ್ಲಿ ನೀರು ಹಾಕಿ ಕಲಕಿ, ಕರಗಿಸಿ, ಆಮೇಲೆ ತೊಳೆಯುತ್ತಿದ್ದರು. ನೀವೂ ಬಕೆಟ್‌ನಲ್ಲಿ ನೆನೆಸಿ, ಕೈಯಿಂದ ಚೆನ್ನಾಗಿ ಕಿವುಚಿ, ಜರಡಿ ಹಿಡಿಯಿರಿ. ಕಲ್ಲು ತೆಗೆದು ಉಳಿದಿದ್ದನ್ನು ಸ್ವಲ್ಪ ಸ್ವಲ್ಪವೇ ತೊಟ್ಟಿಗೆ ಹಾಕಿ.

ಇಳಿಜಾರೂ ಜಾಸ್ತಿ ಆಯಿತು. ಅಡಿಗೆ ಸುಮಾರು 1 ಇಂಚು ಸಾಕು. ಇಟ್ಟಿಗೆಯನ್ನು ಮಲಗಿಸಿ ಇಡಿ, ಸರಿಹೋಗುತ್ತದೆ.

ಬೀದರ್ ಅಕ್ಕ: ಮೇಷ್ಟ್ರೇ, ಪುಡಿ ಅರದಲ್ಲಿ ಉಜ್ಜಿದ್ದಾ? ಎಣ್ಣೆ ಪಸೆ ಇದ್ದರೆ ಸಣ್ಣ ಪುಡಿ ನೀರಿನ ಮೇಲೇ ತೇಲುತ್ತದೆ. ಪಾತ್ರೆ ತೊಳೆಯುವ ಸೋಪು ಒಂದೆರಡು ಹನಿ ಹಾಕಿ. ಇನ್ನೊಂದು ವಿಷಯ, ಚಿನ್ನ ನೀರಿಗಿಂತ 19 ಪಟ್ಟು ಭಾರ, ಹಿತ್ತಾಳೆ ಎಂಟೂವರೆ ಪಟ್ಟು ಮಾತ್ರ. ಹಾಗಾಗಿ ನೀರು ಮೆಲ್ಲಗೆ ಬಿಡಬೇಕು. ಪಟ್ಟಿಗಳ ಕೆಳಗೆ ಗೋಣಿ ತಟ್ಟು ಹಾಸಿ. ಹಳೆಯ ಅದಿರು ಗಿರಣಿಗಳಲ್ಲಿ ಸಣ್ಣ ಚಿನ್ನ ಹಿಡಿಯೋಕೆ ಕಂಬಳಿ ಹಾಸುತ್ತಿದ್ದರು.

ಕಲಬುರಗಿ ಮೇಷ್ಟ್ರು: ಬಹಳ ಉಪಕಾರ ಆಯಿತು. ಮಣ್ಣು ಕರಗಿಸಿ ಹಾಕಿದ ಮೇಲೆ ಮೊದಲ ಪಟ್ಟಿಯ ಹಿಂದೆಯೇ ಹಳದಿ ಗೆರೆ ಕಾಣುತ್ತಿದೆ! ಪಕ್ಕದಲ್ಲೇ ಹಟ್ಟಿ ಗಣಿಯದೂ ಒಂದು ಮಾದರಿ ಇಡೋಣ ಅಂತಿದ್ದೇವೆ. ಪಾದರಸ ತೋರಿಸಬಹುದಾ?

ಸುರಪುರದಿಂದ: ದಯವಿಟ್ಟು ಬೇಡ ಸರ್, ಅದರ ಆವಿ ವಿಷ. ಕೋಲಾರದ ಗಿರಣಿಗಳಲ್ಲಿ ಕಲ್ಲು ಕುಟ್ಟಿದ ರಾಡಿಯನ್ನು ಚಿನ್ನ ಅಂಟಿಕೊಳ್ಳಲಿ ಅಂತ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸುತ್ತಿದ್ದರು, ನಿಜ. ನೀವು ತಗಡಿಗೆ ಬೆಳ್ಳಿ ಬಣ್ಣ ಬಳಿದರೆ ಸಾಕು. ಆದರೆ ಹಟ್ಟಿ ಅಂದ ಮೇಲೆ ಕುಟ್ಟುವುದನ್ನು ಬಿಡಬೇಡಿ. ಅಲ್ಲಿಯ ಚಿನ್ನ ಬೆಣಚುಕಲ್ಲಿನೊಳಗೆ ಸಿಕ್ಕಿಕೊಂಡಿದೆ, ಕಲ್ಲು ಪುಡಿಯಾಗದೆ ಯಾವ ತೊಟ್ಟಿಯೂ ಅದನ್ನು ಹಿಡಿಯಲ್ಲ. ಹಿಂದಿನವರು ಬಂಡೆಗೆ ಬೆಂಕಿ ಹಾಕಿ ಬಿರಿಯುವಂತೆ ಮಾಡಿ, ಚೂರುಗಳನ್ನು ಕುಟ್ಟಿ ಪುಡಿ ಮಾಡುತ್ತಿದ್ದರು. ಒಂದು ಒರಳು, ಒಂದು ಗುಂಡುಕಲ್ಲು ಪಕ್ಕದಲ್ಲಿಡಿ. ಮಕ್ಕಳೇ ಕುಟ್ಟಿ ನೋಡಲಿ, ಕಣ್ಣಿಗೆ ಕನ್ನಡಕ ಮಾತ್ರ ಹಾಕಿಸಿ.